ಪಿಎಲ್‌ಎಲ್ ಬೇಗ ಲಾಕ್ ಆಗಬೇಕು, ಆದರೆ ತೂಗಾಡಬಾರದು: ಹೇಗೆ?

ಪಿಎಲ್‌ಎಲ್ (ಫೇಸ್-ಲಾಕ್ಡ್ ಲೂಪ್) ಅಂದರೆ ತನ್ನ ಆಸಿಲೇಟರನ್ನು ರೆಫರೆನ್ಸ್ ಸಿಗ್ನಲ್‌ಗೆ ಹೊಂದಿಸಿ ಹಿಡಿದಿಡುವ ಸರ್ಕ್ಯೂಟ್; ಹಾಗೆ ಹೊಂದಿಕೊಳ್ಳುವುದೇ ಲಾಕ್. ಲೂಪ್ ಬ್ಯಾಂಡ್‌ವಿಡ್ತ್ (ಲೂಪ್ ಎಷ್ಟು ವೇಗದ ಬದಲಾವಣೆಯವರೆಗೆ ತಿದ್ದಬಲ್ಲದು ಎಂಬ ಮಿತಿ) ಹೆಚ್ಚಿಸಿದಷ್ಟೂ ಲಾಕ್ ಬೇಗ, ನಿಜ. ಆದರೆ ಫೇಸ್ ಡಿಟೆಕ್ಟರ್ ರೆಫರೆನ್ಸಿನ ಪ್ರತಿ ಸೈಕಲ್‌ಗೆ ಒಮ್ಮೆ ಮಾತ್ರ ತಪ್ಪನ್ನು ಅಳೆಯುತ್ತದೆ. ಲೂಪ್ ಅದಕ್ಕಿಂತ ಆತುರಪಟ್ಟರೆ ಹಳೇ ಸುದ್ದಿ ನಂಬಿ ತಿದ್ದಲು ಹೊರಟ ಹಾಗೆ. ಹಾಗಾಗಿ ಬ್ಯಾಂಡ್‌ವಿಡ್ತ್ ಡಿಟೆಕ್ಟರ್ ಆವರ್ತನದ 1/10 ಭಾಗ ದಾಟದಿರಲಿ. 1 ಮೆಗಾಹರ್ಟ್ಸ್ ಇದ್ದರೆ 100 ಕಿಲೋಹರ್ಟ್ಸ್ ಮೇಲ್ಮಿತಿ. ನಾನಾದರೆ 50 ಕಿಲೋಹರ್ಟ್ಸ್‌ನಿಂದ ಶುರು ಮಾಡುತ್ತೇನೆ.

ಚಾರ್ಜ್ ಪಂಪ್ (ಡಿಟೆಕ್ಟರ್ ಅಳೆದ ತಪ್ಪನ್ನು ಕರೆಂಟ್ ಆಗಿಸುವ ಭಾಗ) ತುಂಬುವ ಕೆಪಾಸಿಟರ್ ಒಂದು ಇಂಟಿಗ್ರೇಟರ್, ಅಂದರೆ ಬಂದದ್ದನ್ನು ಕೂಡಿಸುತ್ತಾ ಹೋಗುವಂಥದ್ದು; ವಿಸಿಒ (ವೋಲ್ಟೇಜ್ ಹೇಳಿದಂತೆ ಆವರ್ತನ ಬದಲಿಸುವ ಆಸಿಲೇಟರ್) ಇನ್ನೊಂದು. ಇವೆರಡೇ ಇದ್ದರೆ ಫೇಸ್ ಮಾರ್ಜಿನ್, ಅಂದರೆ ಲೂಪ್ ತೂಗಾಡದಂತೆ ಕಾಯುವ ಅಂತರ, ಸೊನ್ನೆ. ಕೆಪಾಸಿಟರ್ ಜೊತೆ ಸರಣಿಯಲ್ಲಿ ಕೂತ ರೆಸಿಸ್ಟರ್ ಅದನ್ನು ಉಳಿಸುತ್ತದೆ. 45ರಿಂದ 60 ಡಿಗ್ರಿ ಸಿಗಲಿ. ರಿಪಲ್ (ಕಂಟ್ರೋಲ್ ವೋಲ್ಟೇಜಿನ ಸಣ್ಣ ಏರಿಳಿತ) ತಗ್ಗಿಸಲು ಹಾಕುವ ಎರಡನೇ ಕೆಪಾಸಿಟರ್ ದೊಡ್ಡದಾದರೆ ಈ ಮಾರ್ಜಿನ್ನನ್ನೇ ತಿಂದುಹಾಕುತ್ತದೆ.

ಅನೇಕರು ಎಡವುವುದು ವಿಸಿಒ ಗೇನ್ (ವೋಲ್ಟೇಜ್ ಬದಲಾದರೆ ಆವರ್ತನ ಎಷ್ಟು ಬದಲಾಗುತ್ತದೆ) ವಿಷಯದಲ್ಲಿ: ಅದು ಆವರ್ತನದ ಜೊತೆ ಬದಲಾಗುತ್ತದೆ, ಅದರೊಂದಿಗೆ ಲೂಪ್ ಬ್ಯಾಂಡ್‌ವಿಡ್ತ್ ಕೂಡ. ಆಸಿಲೋಸ್ಕೋಪಿನಲ್ಲಿ ವಿಸಿಒಗೆ ಹೋಗುವ ಕಂಟ್ರೋಲ್ ವೋಲ್ಟೇಜನ್ನು ಆವರ್ತನ ವ್ಯಾಪ್ತಿಯ ಎರಡೂ ತುದಿಗಳಲ್ಲಿ ನೋಡಿ.