ಖಾತೆ ಅವರದು, ಕಮಿಷನ್ ನಿಮ್ಮದು

ಓದುಗರ ಪತ್ರ: ಅಡುಗೆ ಪಾತ್ರೆಗಳ ಬಗ್ಗೆ ಯೂಟ್ಯೂಬ್ ಚಾನೆಲ್ ನಡೆಸುತ್ತೇನೆ. ವಿಡಿಯೊ ಕೆಳಗೆ ಒಂದು ಆನ್‌ಲೈನ್ ಮಾರಾಟ ಕಂಪನಿಯ ಅಫಿಲಿಯೇಟ್ ಲಿಂಕ್ ಹಾಕಿ, ಅದನ್ನು ಒತ್ತಿ ಯಾರಾದರೂ ಸಾಮಾನು ಕೊಂಡರೆ ಕಮಿಷನ್ ಪಡೆಯುತ್ತಿದ್ದೆ. ಹೋದ ತಿಂಗಳು ‘ನಿಯಮ ಉಲ್ಲಂಘನೆ’ ಅಂತ ಆ ಕಂಪನಿಯಿಂದ ಒಂದು ಸಾಲಿನ ಮೇಲ್ ಬಂತು, ಅಫಿಲಿಯೇಟ್ ಖಾತೆ ಬಂದ್. ಬರಬೇಕಿದ್ದ 24 ಸಾವಿರ ರೂಪಾಯಿಯೂ ಇಲ್ಲ. ನಾದಿನಿ ನನ್ನ ಲಿಂಕ್‌ನಿಂದ ಒಂದು ಕುಕ್ಕರ್ ತರಿಸಿಕೊಂಡದ್ದು ಬಿಟ್ಟರೆ ನಾನೇನೂ ತಪ್ಪು ಮಾಡಿಲ್ಲ. ಗ್ರಾಹಕ ನ್ಯಾಯಾಲಯಕ್ಕೆ ಹೋಗಲೇ?
– ಹೆಸರು ಬೇಡ, ದಾವಣಗೆರೆ

ಸಂಪಾದಕರ ಉತ್ತರ: ಮೊದಲು ಆ ಕುಕ್ಕರ್ ವಿಷಯ. ನೀವು ಅದನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ. ಎಡವಟ್ಟಾಗಿರುವುದು ಬಹುಶಃ ಅಲ್ಲೇ. ನಮ್ಮ ಲಿಂಕ್‌ನಿಂದ ನಾವೇ ಕೊಳ್ಳಬಾರದು, ಮನೆಯವರಿಂದಲೂ ಕೊಳ್ಳಿಸಬಾರದು ಅನ್ನೋ ಷರತ್ತು ಎಷ್ಟೋ ಕಂಪನಿಗಳಲ್ಲಿದೆ. ನಾದಿನಿ ನಿಮ್ಮ ಮನೆ ವಿಳಾಸಕ್ಕೇ ತರಿಸಿದ್ದರೆ, ಕಂಪ್ಯೂಟರ್ ಕಣ್ಣಿಗೆ ಆ ಕುಕ್ಕರ್ ನಿಮ್ಮದೇ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಲಿಂಕ್ ಹಂಚಿದ್ದಿರಾ ಅಂತಲೂ ನೆನಪು ಮಾಡಿಕೊಳ್ಳಿ. ಅದಕ್ಕೂ ಕೆಲವರ ತಕರಾರಿದೆ.

ಹಾಗಂತ ಅವರು ಮಾಡಿದ್ದು ಸರಿ ಅಂತಲ್ಲ. ಕುಕ್ಕರ್‌ನ ಕಮಿಷನ್ ಹೋಗಲಿ ಬಿಡಿ. ಬೆಳಗಾವಿಯಲ್ಲೋ ಬಳ್ಳಾರಿಯಲ್ಲೋ ನಿಮಗೆ ಮುಖಪರಿಚಯವೂ ಇಲ್ಲದವರು ವಿಡಿಯೊ ನೋಡಿ ದೋಸೆ ಕಾವಲಿ ಕೊಂಡರಲ್ಲ, ಅದರ ಕಮಿಷನ್ ಯಾಕೆ ನುಂಗಬೇಕು? ಜಗಳ ಮಾಡಬೇಕಾದ್ದು ಇಲ್ಲಿ. ಖಾತೆ ವಾಪಸ್ ಕೊಡಿ ಅಂತ ಗೋಗರೆಯಬೇಡಿ. ಬೇಡವೆಂದಾಗ ಮುಚ್ಚುವ ಹಕ್ಕನ್ನು ಅವರು ಕರಾರಿನಲ್ಲೇ ಬರೆದಿಟ್ಟುಕೊಂಡಿರುತ್ತಾರೆ. ನಾವು ಓದದೆಯೇ ‘ಒಪ್ಪಿದ್ದೇನೆ’ ಅಂತ ಒತ್ತಿರುತ್ತೇವೆ.

ಆದಾಯ ತೆರಿಗೆ ಪೋರ್ಟಲ್‌ಗೆ ಹೋಗಿ ನಿಮ್ಮ ಫಾರಂ 26ಎಎಸ್ (ನಿಮ್ಮ ಹೆಸರಿನಲ್ಲಿ ಯಾರು ಎಷ್ಟು ತೆರಿಗೆ ಮುರಿದು ಕಟ್ಟಿದ್ದಾರೆ ಅನ್ನೋ ಪಟ್ಟಿ) ತೆಗೆದು ನೋಡಿ. ವರ್ಷದ ಕಮಿಷನ್ 20 ಸಾವಿರ ದಾಟಿದರೆ ಕಂಪನಿ ಶೇ 2ರಷ್ಟು ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ, ಮುರಿದುಕೊಳ್ಳಬೇಕು (2024ರ ಅಕ್ಟೋಬರ್‌ಗೆ ಮುಂಚೆ ಶೇ 5 ಇತ್ತು). ಹಣ ಕೈಗೆ ಕೊಟ್ಟಾಗಲೇ ಮುರಿಯಬೇಕು ಅಂತಿಲ್ಲ. ತಮ್ಮ ಲೆಕ್ಕದಲ್ಲಿ ನಿಮ್ಮ ಹೆಸರಿಗೆ ಜಮಾ ಮಾಡಿದ್ದು ಮೊದಲಾದರೆ ಆಗಲೇ ಮುರಿಯಬೇಕು. ತಡೆಹಿಡಿದ ಹಣದ ಟಿಡಿಎಸ್ ಅಲ್ಲಿ ಕಂಡರೆ, ಈ ದುಡ್ಡು ಇವರದ್ದು ಅಂತ ಕಂಪನಿಯೇ ಸರ್ಕಾರಕ್ಕೆ ಹೇಳಿದ ಹಾಗಾಯ್ತು, ಅಲ್ವಾ? ಆ ಪುಟ ಪ್ರಿಂಟ್ ಹಾಕಿಸಿಡಿ. ಕಾಣದಿದ್ದರೆ ಹಳೆಯ ಕಮಿಷನ್ ಮೇಲ್‌ಗಳು, ಸ್ಕ್ರೀನ್‌ಶಾಟ್‌ಗಳನ್ನೇ ಒಟ್ಟು ಮಾಡಿ.

ಗ್ರಾಹಕ ನ್ಯಾಯಾಲಯದಲ್ಲಿ ನಿಮ್ಮ ದೂರು ನಿಲ್ಲುವುದು ಕಷ್ಟ. ನೀವು ಅವರಿಂದ ಏನೂ ಕೊಂಡಿಲ್ಲ, ಅವರಿಗೇ ಗಿರಾಕಿ ತಂದುಕೊಟ್ಟವರು. ನಮ್ಮ ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ, ಕೆಲಸದಿಂದ ತೆಗೆಯುವ 14 ದಿನ ಮುಂಚೆ ಬರಹದಲ್ಲಿ ಕಾರಣ ಕೊಡಬೇಕು ಅಂತಿದೆ. ಅದು ಡೆಲಿವರಿ, ಟ್ಯಾಕ್ಸಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಲಿಂಕ್ ಹಾಕುವವರಿಗೂ ಅಂಥದ್ದೊಂದು ಬೇಕು ಅನ್ನೋದು ನನ್ನ ಅಭಿಪ್ರಾಯ, ಆದರೆ ನನ್ನ ಅಭಿಪ್ರಾಯದಿಂದ ನಿಮಗೆ ದುಡ್ಡು ಬರೋದಿಲ್ಲ. ನಿಮ್ಮದು ಕರಾರಿನ ವ್ಯಾಜ್ಯ. ವ್ಯಾಜ್ಯ ಯಾವ ಊರಲ್ಲಿ ತೀರಬೇಕು ಅಂತ ಕರಾರಿನ ಕೊನೆಯಲ್ಲಿ ಬರೆದಿರುತ್ತದೆ. ದೆಹಲಿ ಅಂತಿದ್ದರೆ 24 ಸಾವಿರಕ್ಕೆ ಅಷ್ಟು ದೂರ ಓಡಾಡಿ ಪೂರೈಸುವುದಿಲ್ಲ. ವಕೀಲರ ನೋಟಿಸ್‌ವರೆಗೆ ಹೋಗಿ, ಸಾಕು.

ಅದಕ್ಕೂ ಮುಂಚೆ ಒಂದು ಮೇಲ್ ಬರೆಯಿರಿ. ಅಳಲು ಬೇಡ. ಕುಕ್ಕರ್ ವಿಷಯ ನೀವೇ ಹೇಳಿಬಿಡಿ. ಯಾವ ಆರ್ಡರ್, ಯಾವ ಷರತ್ತು ಅಂತ ಕೇಳಿ. ಉಳಿದ ಆರ್ಡರ್‌ಗಳ ಕಮಿಷನ್ ಕೊಡಿ ಅನ್ನಿ. ಸಿಟ್ಟಿಗೆ ಯಜಮಾನರ ಹೆಸರಲ್ಲಿ ಹೊಸ ಖಾತೆ ತೆರೆಯಬೇಡಿ, ಇರುವ ವಾದವೂ ಹೋಗುತ್ತದೆ. ಹಳೆಯ ವಿಡಿಯೊಗಳ ಕೆಳಗಿನ ಲಿಂಕ್‌ಗಳನ್ನು ಮಾತ್ರ ಇವತ್ತೇ ತೆಗೆಯಿರಿ. ಜನ ಈಗಲೂ ಅದನ್ನು ಒತ್ತಿ ಸಾಮಾನು ಕೊಳ್ಳುತ್ತಿರಬಹುದು, ಸುಮ್ನೆ ಯಾಕೆ ಬಿಟ್ಟಿ ಪ್ರಚಾರ?