ಮಲೆನಾಡಿನ ಹವ್ಯಾಸಿ ನಾವಿಕರು ಸಮುದ್ರದ ಯಾಚ್ ರೇಸ್‌ಗೆ ಪ್ರಾಯೋಜಕರನ್ನು ಹುಡುಕುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಸಾಗರದ ಬಳಿಯ ಹೊನ್ನೆಮರಡುವಿನ ಶರಾವತಿ ಹಿನ್ನೀರಿನಲ್ಲಿ ಹಾಯಿದೋಣಿ ಕಲಿತಿದ್ದೀರಿ, ಹವ್ಯಾಸಿಗಳು ಶುಲ್ಕ ಕಟ್ಟಿ ಯಾಚ್‌ನಲ್ಲಿ (ದೊಡ್ಡ ಹಾಯಿದೋಣಿ) ಭೂಮಿ ಸುತ್ತುವ ಕ್ಲಿಪ್ಪರ್ ರೌಂಡ್ ದಿ ವರ್ಲ್ಡ್ ರೇಸ್‌ನ ಒಂದು ಲೆಗ್‌ಗೆ, ಅಂದರೆ ಒಂದು ಹಂತದ ಪಯಣಕ್ಕೆ, ಸೇರುವ ಆಸೆ ಇದೆ, ದುಡ್ಡು ಸಾಲದು. ಶಿವಮೊಗ್ಗ ಕಡೆಯ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಸಿಗುತ್ತದೆಯೇ?

ಸಿಎಸ್‌ಆರ್ ಮಾತು ಮೊದಲು ಮುಗಿಸಿಬಿಡುತ್ತೇನೆ, ಅದರ ಹಿಂದೆ ಅಲೆದು ವರ್ಷ ಕಳೆಯುವುದು ಬೇಡ. ಕಂಪನಿ ಕಾಯ್ದೆ 2013ರ 7ನೇ ಅನುಸೂಚಿಯಲ್ಲಿ ಕ್ರೀಡೆ ಇದೆ, ನಿಜ. ಆದರೆ ಅಲ್ಲಿ ಹೇಳಿರುವುದು ಗ್ರಾಮೀಣ, ರಾಷ್ಟ್ರೀಯ ಮಾನ್ಯತೆ ಪಡೆದ, ಒಲಿಂಪಿಕ್ ಮತ್ತು ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿ. ಕಂಪನಿಗೆ ಪ್ರಚಾರ ಸಿಗಲಿ ಎಂದು ಕೊಡುವ ಪ್ರಾಯೋಜಕತ್ವ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ವಿದೇಶದ ಖರ್ಚಿಗೆ ವಿನಾಯಿತಿ ಇರುವುದು ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸುವ ಕ್ರೀಡಾಪಟುಗಳ ತರಬೇತಿಗೆ ಮಾತ್ರ. ಶುಲ್ಕ ಕಟ್ಟಿ ಕ್ಲಿಪ್ಪರ್ ಹತ್ತುವವರು ದೇಶದ ತಂಡ ಅಲ್ಲ. ಹಾಗಾಗಿ ನೀವು ಕೇಳಬೇಕಾದದ್ದು ಜಾಹೀರಾತಿನ ಹಣ. ಅದನ್ನು ಕೊಡುವುದೋ ಬೇಡವೋ ಎಂದು ತೀರ್ಮಾನಿಸುವವರು ಮಾಲೀಕರು, ಸಿಎಸ್‌ಆರ್ ಸಮಿತಿಯಲ್ಲ. ಈ ವಿಷಯದಲ್ಲಿ ನಮ್ಮ ಊರುಗಳೇ ಅನುಕೂಲ, ಮಾಲೀಕರನ್ನು ನೇರವಾಗಿ ಕಂಡು ಮಾತಾಡಬಹುದು.

ಆದರೆ ದುಡ್ಡು ಕೇಳುವ ಮೊದಲು ಸಮುದ್ರದ ಮೈಲಿಗಳು ಬೇಕು. ಸರ್ ರಾಬಿನ್ ನಾಕ್ಸ್-ಜಾನ್‌ಸ್ಟನ್ ಕಟ್ಟಿದ ಈ ರೇಸ್ 1996ರಲ್ಲಿ ಶುರುವಾಯಿತು. ಅವರು 1968-69ರಲ್ಲಿ ಒಬ್ಬರೇ ಎಲ್ಲೂ ನಿಲ್ಲದೆ ಭೂಮಿ ಸುತ್ತಿದ ‘ಸುಹೈಲಿ’ ಎಂಬ ಹಾಯಿದೋಣಿ ತಯಾರಾದದ್ದು ನಮ್ಮ ಮುಂಬೈಯಲ್ಲೇ. ಕ್ಲಿಪ್ಪರ್‌ಗೆ ಹಿಂದಿನ ಅನುಭವ ಕಡ್ಡಾಯವಲ್ಲ, ನಾಲ್ಕು ಹಂತದ ತರಬೇತಿ ಕಡ್ಡಾಯ. ಅನುಭವ ರೇಸ್‌ನವರಿಗೆ ಬೇಡವಾದರೂ ಪ್ರಾಯೋಜಕರಿಗೆ ಬೇಕು. ನಡುವೆ ಬಿಟ್ಟು ಬರುವವರಿಗೆ ಯಾರೂ ದುಡ್ಡು ಹಾಕುವುದಿಲ್ಲ.

ಶರಾವತಿ ಹಿನ್ನೀರು ಟ್ಯಾಕ್, ಜೈಬ್ (ಗಾಳಿಗೆ ಎದುರಾಗಿ ಮತ್ತು ಗಾಳಿಗೆ ಬೆನ್ನಾಗಿ ದೋಣಿ ತಿರುಗಿಸುವುದು), ಗಾಳಿಯ ದಿಕ್ಕು ಓದುವುದು ಎಲ್ಲವನ್ನೂ ಚೆನ್ನಾಗಿ ಕಲಿಸುತ್ತದೆ. ಅಲ್ಲಿ ಸಿಗದಿರುವುದು ಉಬ್ಬರ-ಇಳಿತ, ದೊಡ್ಡ ಅಲೆ, ರಾತ್ರಿ ಪಾಳಿ ಮತ್ತು ಅಲೆಯ ಕುಲುಕಾಟಕ್ಕೆ ಬರುವ ವಾಂತಿ. ಸಣ್ಣ ದೋಣಿಯಲ್ಲಿ ಹಾಯಿಯ ಹಗ್ಗವನ್ನು ಕೈಯಲ್ಲೇ ಹಿಡಿಯುತ್ತೀರಿ. 70 ಅಡಿಯ ಯಾಚ್‌ನಲ್ಲಿ ಅದೇ ಹಗ್ಗವನ್ನು ವಿಂಚ್‌ಗೆ (ಹಗ್ಗ ಎಳೆಯಲು ತಿರುಗಿಸುವ ಡ್ರಮ್ಮು) ಪ್ರದಕ್ಷಿಣೆಯಾಗಿ ಸುತ್ತಿ ಎಳೆಯಬೇಕು. ಬಿಗಿಯಾಗಿರುವ ಹಗ್ಗಕ್ಕೂ ಡ್ರಮ್ಮಿಗೂ ನಡುವೆ ಬೆರಳು ಸಿಕ್ಕಿದರೆ ಮುರಿಯುವುದೇ. ಅಂಗೈಯನ್ನು ಮುಷ್ಟಿಯಂತೆ ಮಡಚಿ, ಹೆಬ್ಬೆರಳು ಒಳಗಿಟ್ಟು, ಡ್ರಮ್ಮಿನಿಂದ ದೂರದಲ್ಲೇ ಹಗ್ಗ ಹಿಡಿಯುವ ಅಭ್ಯಾಸ ಈಗಲೇ ಆಗಲಿ.

ಮಳೆಗಾಲ ಕಳೆದ ಮೇಲೆ, ಅಕ್ಟೋಬರ್‌ನಿಂದ ಮೇ ಒಳಗೆ, ಗೋವಾ ಅಥವಾ ಮುಂಬೈ ಕಡೆ ಕೀಲ್ ಬೋಟ್‌ನಲ್ಲಿ (ತಳದಲ್ಲಿ ತೂಕದ ಕೀಲ್ ಇರುವ ಹಾಯಿದೋಣಿ) ಕ್ರೂ ಆಗಿ, ಅಂದರೆ ಕೆಲಸ ಮಾಡುವ ಸಿಬ್ಬಂದಿಯಾಗಿ, ಹೋಗಿ. ಬ್ರಿಟನ್ನಿನ ರಾಯಲ್ ಯಾಚಿಂಗ್ ಅಸೋಸಿಯೇಷನ್‌ನ (ಆರ್‌ವೈಎ) ಕಾಂಪಿಟೆಂಟ್ ಕ್ರೂ ಐದು ದಿನದ ಕೋರ್ಸ್, ಮೊದಲೇ ಏನೂ ಗೊತ್ತಿರಬೇಕಿಲ್ಲ. ಪ್ರತಿ ಪಯಣವನ್ನೂ ಲಾಗ್‌ಬುಕ್ಕಿನಲ್ಲಿ ಬರೆಯಿರಿ: ದಿನಾಂಕ, ದೋಣಿಯ ಹೆಸರು ಮತ್ತು ಉದ್ದ, ಎಲ್ಲಿಂದ ಎಲ್ಲಿಗೆ, ಎಷ್ಟು ನಾಟಿಕಲ್ ಮೈಲಿ, ರಾತ್ರಿ ಎಷ್ಟು ಗಂಟೆ, ನಿಮ್ಮ ಕೆಲಸ ಏನು, ಕೊನೆಗೆ ಸ್ಕಿಪ್ಪರ್ (ದೋಣಿಯ ನಾಯಕ) ಸಹಿ. ಫೋಟೋ ಆಲ್ಬಮ್‌ಗಿಂತ ಈ ಸಹಿಗಳಿಗೆ ತೂಕ ಹೆಚ್ಚು.

ಈಗ ಕೇಳುವ ರೀತಿ. ಒಟ್ಟು ಮೊತ್ತ ಹೇಳಿ ‘ಸಹಾಯ ಮಾಡಿ’ ಎಂದರೆ ಕಾಫಿ ಕೊಟ್ಟು ಕಳಿಸುತ್ತಾರೆ. ಖರ್ಚನ್ನು ತುಂಡು ಮಾಡಿ, ಒಬ್ಬರಿಗೆ ಒಂದೇ ತುಂಡು ಕೇಳಿ. ಟ್ರಾವೆಲ್ಸ್‌ನವರಿಗೆ ವಿಮಾನದ ಟಿಕೆಟ್, ಓದಿದ ಕಾಲೇಜಿನ ಹಳೆಯ ವಿದ್ಯಾರ್ಥಿ ಸಂಘಕ್ಕೆ ತರಬೇತಿಯ ಒಂದು ಹಂತ, ಅಡಿಕೆ ಮಂಡಿಯವರಿಗೆ ಲೆಗ್ ಶುಲ್ಕದ ಒಂದು ಕಂತು. ಮಂಡಿಯವರ ಬಳಿ ಕೊಯ್ಲಿನ ನಡುವೆ ಹೋಗಬೇಡಿ, ಕೂತು ಮಾತಾಡಲು ಪುರುಸೊತ್ತು ಇರುವುದಿಲ್ಲ. ಕೊಯ್ಲು ಮುಗಿದು ಮಾಲು ಮಾರಾಟವಾದ ಮೇಲೆ ಹೋಗಿ. ಸಹಕಾರ ಸಂಘಗಳಾದರೆ ಬೈಲಾದಲ್ಲಿ ಅವಕಾಶ ಇದೆಯೇ ಎಂದು ಕಾರ್ಯದರ್ಶಿಯವರನ್ನೇ ಮೊದಲು ಕೇಳಿ. ಇಲ್ಲದಿದ್ದರೆ ಅಧ್ಯಕ್ಷರು ಒಪ್ಪಿದರೂ ಪ್ರಯೋಜನವಿಲ್ಲ. ಪತ್ರ ಕನ್ನಡದಲ್ಲಿ, ಒಂದೇ ಪುಟ ಇರಲಿ.

ಪ್ರತಿಯಾಗಿ ಏನು ಕೊಡುತ್ತೀರಿ? ಹಾಯಿಯ ಮೇಲೆ ಲೋಗೋ ಹಾಕಿಸುತ್ತೇನೆ ಎಂದು ಮಾತು ಕೊಡಬೇಡಿ, ಆ ಜಾಗ ದೋಣಿಯ ತಂಡದ ಪ್ರಾಯೋಜಕರದ್ದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಶಾಲೆಗಳಲ್ಲಿ ಅವರ ಹೆಸರಿನಲ್ಲಿ ಮಾತು, ಬಂದರಿನಿಂದ ಕಳಿಸುವ ವಿಡಿಯೋ, ಸ್ಥಳೀಯ ಪತ್ರಿಕೆಯಲ್ಲಿ ವಾರದ ಬರಹ, ಇವು ನಿಮ್ಮ ಕೈಯಲ್ಲಿವೆ. ಇವನ್ನು ಎಣಿಸಿ, ಬರೆದು, ಸಹಿ ಹಾಕಿ ಕೊಡಿ.

ತೆರಿಗೆಯಲ್ಲಿ ಎರಡು ಕಡೆ ಪೆಟ್ಟು ಬೀಳುತ್ತದೆ. ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಬಂದ ಕೊಡುಗೆ ಒಟ್ಟು 50,000 ರೂಪಾಯಿ ಮೀರಿದರೆ ಮೀರಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ. ಕ್ರೌಡ್‌ಫಂಡಿಂಗ್ ಮಾಡುವವರು ಇದನ್ನು ಮರೆತೇಬಿಡುತ್ತಾರೆ. ಇನ್ನೊಂದು, ಶುಲ್ಕ ಪೌಂಡ್‌ನಲ್ಲಿ ಹೋಗುತ್ತದೆ. ವರ್ಷಕ್ಕೆ 10 ಲಕ್ಷ ಮೀರಿದ ಭಾಗವನ್ನು ಬ್ಯಾಂಕ್ ‘ಇತರ ಉದ್ದೇಶ’ದಡಿ ಕಳಿಸಿದರೆ ಶೇ. 20 ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. 14 ಲಕ್ಷ ಕಳಿಸಿದರೆ 80,000 ರೂಪಾಯಿ. ರಿಟರ್ನ್ ಸಲ್ಲಿಸಿದಾಗ ಅದು ಹೊಂದಾಣಿಕೆಯಾಗುತ್ತದೆ ಅಥವಾ ವಾಪಸ್ ಬರುತ್ತದೆ, ಆದರೆ ಅಲ್ಲಿಯವರೆಗೆ ಆ ಹಣ ನಿಮ್ಮ ಕೈಯಲ್ಲಿರುವುದಿಲ್ಲ. ಬಜೆಟ್ಟಿನಲ್ಲಿ ಅದಕ್ಕೆ ಪ್ರತ್ಯೇಕ ಸಾಲು ಇರಲಿ. ಕಂತುಗಳನ್ನು ಎರಡು ಆರ್ಥಿಕ ವರ್ಷಕ್ಕೆ ಹಂಚಲು ರೇಸ್‌ನವರು ಒಪ್ಪಿದರೆ ಹೊರೆ ಇಳಿಯುತ್ತದೆ. ಹೊರಡುವ ಮೊದಲು ಆಡಿಟರ್ ಜೊತೆ ಒಂದು ಗಂಟೆ ಕೂರಿ.

ಸಾಮಾನ್ಯ ಪ್ರವಾಸಿ ವಿಮೆಯಲ್ಲಿ ಸಮುದ್ರದ ರೇಸಿಂಗ್ ಹೆಚ್ಚಾಗಿ ಸೇರಿರುವುದಿಲ್ಲ, ಪಾಲಿಸಿಯ ಹೊರಗಿಡುವಿಕೆಗಳ ಪಟ್ಟಿ ಓದಿ. ತರಬೇತಿ ಇಂಗ್ಲೆಂಡಿನಲ್ಲಿ ನಡೆಯುವುದರಿಂದ ಅಲ್ಲಿಯ ವೀಸಾ, ನಿಮ್ಮ ಲೆಗ್ ಮುಟ್ಟುವ ಪ್ರತಿ ದೇಶದ ವೀಸಾ ಎಲ್ಲವೂ ಬೇಕು. ಭಾರತೀಯ ಪಾಸ್‌ಪೋರ್ಟಿಗೆ ಇದೇ ನಿಧಾನದ ಕೆಲಸ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು, ವೀಸಾ ಸಿಗದಿದ್ದರೆ ಅಥವಾ ತರಬೇತಿಯಲ್ಲಿ ಅನರ್ಹರೆಂದರೆ ಕಟ್ಟಿದ ಹಣದಲ್ಲಿ ಎಷ್ಟು ವಾಪಸ್ ಎನ್ನುವುದನ್ನು ಬರಹದಲ್ಲಿ ಪಡೆಯಿರಿ. ಅದರ ಪ್ರತಿಯನ್ನು ಪ್ರಾಯೋಜಕರಿಗೂ ಕೊಡಿ.