ಗ್ಯಾರೇಜ್ ಪ್ರಶ್ನೋತ್ತರ: ಎರಡೂ ಹಿಂಚಕ್ರ ಒಟ್ಟಿಗೆ ಎಳೆಯಬೇಕೆಂದರೆ

ಪ್ರಶ್ನೆ: ಕೊಯ್ಲು ಮುಗಿದ ಗದ್ದೆಯಲ್ಲಿ ನಡೆಯುವ ಡ್ರ್ಯಾಗ್ ರೇಸಿಗೆಂದು ಹಳೆಯ ಟೂ ವೀಲ್ ಡ್ರೈವ್ ಪಿಕಪ್ ಇಟ್ಟಿದ್ದೇನೆ. ಕ್ಲಚ್ ಬಿಟ್ಟೊಡನೆ ಹಿಂದಿನ ಬಲಚಕ್ರ ಒಂದೇ ಸುತ್ತುತ್ತದೆ. ಎರಡೂ ಚಕ್ರ ಒಟ್ಟಿಗೆ ಹಿಡಿಯುವಂತೆ ಮಾಡುವ ಲಾಕರ್ ಕೊಳ್ಳುವಷ್ಟು ದುಡ್ಡಿಲ್ಲ. ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಹಿಂಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ವೆಲ್ಡ್ ಮಾಡಿಸಬಹುದೆ? (ಗೋಣಿಕೊಪ್ಪದ ಓದುಗರು)

ಉತ್ತರ: ಮಾಡಿಸಬಹುದು, ಆ ಗಾಡಿ ರೇಸಿಗೆ ಮಾತ್ರ ಎಂದಾದರೆ. ಮಾಮೂಲಿ ಡಿಫರೆನ್ಷಿಯಲ್ ಎರಡು ಚಕ್ರಕ್ಕೂ ಸಮನಾದ ಬಲ ಕೊಡುತ್ತದೆ. ಆದ್ದರಿಂದ ಜಾರುವ ಚಕ್ರ ಎಷ್ಟು ಹಿಡಿಯುತ್ತದೋ ಇನ್ನೊಂದಕ್ಕೂ ಅಷ್ಟೇ ಸಿಗುತ್ತದೆ. ಬಲಚಕ್ರವೇ ಜಾರುವುದಕ್ಕೂ ಕಾರಣವಿದೆ: ಎಂಜಿನ್ ಕಡೆಯಿಂದ ಹಿಂದಕ್ಕೆ ಬರುವ ಪ್ರೊಪೆಲರ್ ಶಾಫ್ಟ್ ತಿರುಚುವ ರಭಸಕ್ಕೆ ಆಕ್ಸಲ್‌ನ ಬಲತುದಿ ಮೇಲೇಳುತ್ತದೆ. ಹಾಗಾಗಿ ಮೊದಲು ಖರ್ಚಿಲ್ಲದ ಕೆಲಸ ಮಾಡಿ ನೋಡಿ. ಸ್ಪರ್ಧೆಯ ನಿಯಮ ಒಪ್ಪಿದರೆ ಬಾಡಿಯ ಬಲ ಹಿಂಮೂಲೆಯಲ್ಲಿ ಮರಳಿನ ಮೂಟೆಯನ್ನು ಬಿಗಿಯಾಗಿ ಕಟ್ಟಿ, ಹಿಂದಿನ ಟೈರ್‌ಗಳ ಗಾಳಿ ಸ್ವಲ್ಪ ಇಳಿಸಿ. ಸಾಲದಿದ್ದರೆ ವೆಲ್ಡಿಂಗ್.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಯಿಲ್ ಬಸಿದು, ಎರಡೂ ಆಕ್ಸಲ್ ಶಾಫ್ಟ್ ಎಳೆಯಿರಿ. ಬೇರಿಂಗ್ ಕ್ಯಾಪ್‌ಗಳಿಗೆ ಪಂಚ್‌ನಿಂದ ಎಡ, ಬಲ ಗುರುತು ಹಾಕಿ. ಅದಲು ಬದಲಾದರೆ ಬೇರಿಂಗ್ ಬಾಳುವುದಿಲ್ಲ. ಶಿಮ್‌ಗಳನ್ನೂ (ಅಂತರ ಹೊಂದಿಸುವ ತೆಳು ಬಿಲ್ಲೆ) ಆಯಾ ಬದಿಯಲ್ಲೇ ಇಡಿ. ಡಿಫರೆನ್ಷಿಯಲ್ ಗೇರ್‌ಗಳಿರುವ ಕೇಸ್ ಹೊರತೆಗೆದು, ಅದಕ್ಕೆ ಬೋಲ್ಟ್ ಮಾಡಿದ ದೊಡ್ಡ ಹಲ್ಲಿನ ಚಕ್ರವಾದ ಕ್ರೌನ್ ವೀಲ್, ಬೇರಿಂಗ್ ಎರಡನ್ನೂ ಬಿಚ್ಚಿ. ಹೌಸಿಂಗ್ ಒಳಗೇ ಬೆಸೆದರೆ ಕಿಡಿ ಬೇರಿಂಗ್‌ಗೆ ಹೋಗುತ್ತದೆ, ಕರೆಂಟ್ ರೋಲರ್‌ಗಳ ಮೂಲಕ ಹರಿದು ಚುಕ್ಕೆ ಬೀಳುತ್ತದೆ. ಅರ್ತ್ ಕ್ಲಾಂಪ್ ಕೇಸಿಗೇ ಕಚ್ಚಿಸಿ.

ಹೆಚ್ಚಿನವರು ಕೆಡಿಸುವುದು ಮುಂದಿನ ಹಂತವನ್ನು. ಕೇಸಿನೊಳಗಿನ ಸ್ಟಾರ್ (ನಡುವಿನ ಚಿಕ್ಕವು), ಸನ್ (ಆಕ್ಸಲ್ ಶಾಫ್ಟ್ ಕೂರುವ) ಗೇರ್‌ಗಳ ಮೇಲ್ಮೈ ಗಡುಸು ಮಾಡಿದ ಉಕ್ಕು. ಆಯಿಲ್ ಹಲ್ಲಿನ ಸಂದಿಯಲ್ಲೆಲ್ಲ ಕೂತಿರುತ್ತದೆ. ಡೀಸೆಲ್‌ನಲ್ಲಿ ತೊಳೆದು, ಬ್ರೇಕ್ ಕ್ಲೀನರ್ ಹೊಡೆದು, ಅದು ಪೂರ್ತಿ ಆರಿದ ಮೇಲಷ್ಟೇ ಬೆಂಕಿ ಹತ್ತಿರ ತನ್ನಿ. ಒದ್ದೆಯಿದ್ದರೆ ವಿಷದ ಹೊಗೆ ಏಳಬಹುದು. ಬೆಸೆಯುವ ಜಾಗದ ಗಡಸು ಪದರವನ್ನು ಗ್ರೈಂಡರ್‌ನಲ್ಲಿ ಸುಮಾರು ಒಂದು ಮಿ.ಮೀ. ತೆಗೆಯಿರಿ. ಇಡೀ ಕೇಸನ್ನು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಿಸಿ ಮಾಡಿ, 312 ದರ್ಜೆಯ ಸ್ಟೇನ್‌ಲೆಸ್ ರಾಡ್‌ನಲ್ಲಿ ಬೆಸೆಯಿಸಿ. ತೇವ ಹೀರುವ 7018 ರಾಡ್ ಆದರೆ ಓವನ್‌ನಲ್ಲಿ ಒಣಗಿಸಿದ್ದೇ ಆಗಬೇಕು. ನಮ್ಮ ಮಳೆಗಾಲದಲ್ಲಿ ತೆರೆದಿಟ್ಟ ಪ್ಯಾಕೆಟ್ ಬೇಡವೇ ಬೇಡ. ಪ್ರತಿ ಸ್ಟಾರ್ ಗೇರ್ ಎರಡೂ ಸನ್ ಗೇರ್‌ಗಳನ್ನು ಕೂಡುವ ಕಡೆ ಬೆಸುಗೆ ಹಾಕಿ. ಒಂದಿಂಚು ಹಾಕಿದ ಮೇಲೆ ಎದುರು ಬದಿಗೆ ಹೋಗಿ, ಇಲ್ಲದಿದ್ದರೆ ಸನ್ ಗೇರ್ ವಾಲಿಕೊಂಡು ಆಕ್ಸಲ್ ಶಾಫ್ಟ್ ಒಳಗೆ ಕೂರುವುದಿಲ್ಲ. ನಡುವೆ ಥ್ರಸ್ಟ್ ಬ್ಲಾಕ್ (ಎರಡು ಶಾಫ್ಟ್ ತುದಿಗಳ ನಡುವಿನ ತುಂಡು) ಇದ್ದರೆ ಅದರ ಜಾಗ ಬಿಡಿ. ಮುಗಿದ ಕೂಡಲೇ ಒಣ ಭತ್ತದ ಹೊಟ್ಟಿನ ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಡಿ. ನೀರು ಸುರಿದರೆ ಬೆಸುಗೆಯ ಪಕ್ಕದಲ್ಲೇ ಕೂದಲೆಳೆಯ ಬಿರುಕು ಹುಟ್ಟಿ, ಎರಡನೇ ಲಾಂಚ್‌ಗೆ (ನಿಂತಲ್ಲಿಂದ ಜಿಗಿದು ಹೊರಡುವಾಗ) ತುಂಡು ಉದುರಿ ಕ್ರೌನ್‌ನ ಹಲ್ಲು ತಿನ್ನುತ್ತದೆ.

ಜೋಡಿಸುವಾಗ ಕ್ರೌನ್‌ಗೆ ಹೊಸ ಬೋಲ್ಟ್, ಥ್ರೆಡ್ ಲಾಕ್ ಹಾಕಿ. ಕ್ರೌನ್ ಮತ್ತು ಅದನ್ನು ತಿರುಗಿಸುವ ಪಿನಿಯನ್ ಗೇರ್‌ನ ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜ್‌ನಿಂದ ಅಳೆಯಿರಿ. ಡಾನಾ 44 ಮಾದರಿಯ ಆಕ್ಸಲ್‌ನಲ್ಲಿ 0.13ರಿಂದ 0.23 ಮಿ.ಮೀ., ಬೇರೆ ಆಕ್ಸಲ್‌ಗೆ ಅದರ ಮ್ಯಾನುಯಲ್ ನೋಡಿ. ಜಿಎಲ್-5 ದರ್ಜೆಯ ಗೇರ್ ಆಯಿಲ್ ತುಂಬಿ, ನಾಲ್ಕೈದು ಓಟಗಳ ನಂತರ ಬಸಿದು ಡ್ರೇನ್ ಪ್ಲಗ್ ನೋಡಿ. ಚೂರು ಕಂಡರೆ ಮತ್ತೆ ಬಿಚ್ಚಲೇಬೇಕು.

ಇನ್ನೊಂದು ವಿಷಯ. ಮೊದಲು ಪ್ರತಿ ಆಕ್ಸಲ್ ಶಾಫ್ಟ್ ಹೊರುತ್ತಿದ್ದದ್ದು ಅರ್ಧ ಬಲ. ಲಾಕ್ ಆದ ಮೇಲೆ ಹಿಡಿತವಿರುವ ಚಕ್ರದ ಶಾಫ್ಟ್ ಒಂದೇ ಪೂರ್ತಿ ಬಲ ಹೊರಬೇಕಾಗಬಹುದು. ಚಕ್ರದ ನಡುವೆ ಹಬ್ ಉಬ್ಬಿ, ಫ್ಲೇಂಜ್ ಬೋಲ್ಟ್‌ಗಳು ಸುತ್ತಲೂ ಕಂಡರೆ ಅದು ಫುಲ್ ಫ್ಲೋಟಿಂಗ್ ಆಕ್ಸಲ್: ಶಾಫ್ಟ್ ಮುರಿದರೂ ಚಕ್ರ ಉಳಿಯುತ್ತದೆ. ಸೆಮಿ ಫ್ಲೋಟಿಂಗ್‌ನಲ್ಲಿ ಚಕ್ರ ಕಳಚಿ ಜನರ ಕಡೆಗೇ ಹೋಗಬಹುದು. ಶಾಫ್ಟ್ ತುದಿಯ ಉದ್ದ ಹಲ್ಲುಗಳು (ಸ್ಪ್ಲೈನ್) ತಿರುಚಿವೆಯೇ ಎಂದು ಆಗಾಗ ಎಳೆದು ನೋಡಿ.

ಸ್ವಲ್ಪ ಹೆಚ್ಚು ದುಡ್ಡು ಹೊಂದಿಸಲಾದರೆ ಎರಡೂ ಶಾಫ್ಟ್‌ಗಳನ್ನು ಒಂದಾಗಿಸುವ ಗಟ್ಟಿ ತುಂಡಾದ ಮಿನಿ ಸ್ಪೂಲ್ ವಾಸಿ. ಸ್ಟಾರ್, ಸನ್ ಗೇರ್‌ಗಳ ಜಾಗದಲ್ಲೇ ಕೂರುತ್ತದೆ, ಬೆಂಕಿಯ ಗೊಡವೆ ಇಲ್ಲ, ಬೇಡವಾದಾಗ ಹಳೆಯ ಗೇರ್ ವಾಪಸ್ ಹಾಕಬಹುದು. ಸ್ಪ್ಲೈನ್ ಎಣಿಸಿಯೇ ಕೊಳ್ಳಿ.

ಪ್ರಶ್ನೆ: ವೆಲ್ಡ್ ಮಾಡಿದ ಪಿಕಪ್‌ನಲ್ಲೇ ಕಾಫಿ ಮೂಟೆ ಹೇರಿಕೊಂಡು ಸಂಪಾಜೆ ಘಾಟಿ ಇಳಿಯಬಹುದೆ? (ಮಡಿಕೇರಿಯ ಓದುಗರು)

ಉತ್ತರ: ಬೇಡ. ಎರಡು ಹಿಂಚಕ್ರಗಳ ನಡುವೆ 1.4 ಮೀಟರ್ ಅಂತರವಿದೆ ಎನ್ನೋಣ. ಅರ್ಧವೃತ್ತದ ತಿರುವು ಚಿಕ್ಕದಿರಲಿ ದೊಡ್ಡದಿರಲಿ, ಹೊರಚಕ್ರ ಒಳಚಕ್ರಕ್ಕಿಂತ 4.4 ಮೀಟರ್ ಹೆಚ್ಚು ಓಡಬೇಕು, ಅಂದರೆ ಸುಮಾರು ಎರಡು ಸುತ್ತು. ಲಾಕ್ ಆಗಿದ್ದರೆ ಅಷ್ಟೂ ದೂರ ಟೈರ್ ಉಜ್ಜಬೇಕು, ಇಲ್ಲವೇ ಗಾಡಿ ನೇರ ಹೋಗಬೇಕು. ಮಳೆಯಲ್ಲಿ ಹಿಂಭಾಗವೇ ತಿರುಗಿಬಿಡುತ್ತದೆ. ಟ್ರ್ಯಾಕ್ಟರ್‌ನಲ್ಲಿ ಡಿಫ್ ಲಾಕ್ ಪೆಡಲ್ ಒತ್ತಿಕೊಂಡು ರಸ್ತೆಯಲ್ಲಿ ತಿರುಗುವುದಿಲ್ಲವಲ್ಲ, ಅದೇ ಲೆಕ್ಕ. ರಸ್ತೆಗೂ ರೇಸಿಗೂ ಒಂದೇ ಗಾಡಿ ಎನ್ನುವವರು ಸ್ಟಾರ್, ಸನ್ ಗೇರ್‌ಗಳ ಜಾಗದಲ್ಲಿ ಕೂರುವ ಲಂಚ್‌ಬಾಕ್ಸ್ ಲಾಕರ್ ನೋಡಿ: ಆಕ್ಸಿಲರೇಟರ್ ಒತ್ತಿದಾಗ ಹಿಡಿಯುತ್ತದೆ, ತಿರುವಿನಲ್ಲಿ ಟಕಟಕ ಸದ್ದು ಮಾಡುತ್ತ ಬಿಡುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ.

ಪ್ರಶ್ನೆ: 2015ರ ನಂತರದ ಮಹೀಂದ್ರಾ ಥಾರ್ ಸಿಆರ್‌ಡಿಇ (ಡೀಸೆಲ್) ಇದೆ. ಕಂಪನಿಯ ಲಾಕರ್ ಡ್ರ್ಯಾಗ್‌ಗೆ ಸಾಕೆ? (ವಿರಾಜಪೇಟೆಯ ಓದುಗರು)

ಉತ್ತರ: ಅದು ಕೆಸರಿನಿಂದ ಎದ್ದು ಬರಲು ಮಾಡಿದ್ದು. ಒಂದು ಚಕ್ರ ಇನ್ನೊಂದಕ್ಕಿಂತ ನಿಮಿಷಕ್ಕೆ ಸುಮಾರು 100 ಸುತ್ತು ಹೆಚ್ಚು ತಿರುಗಿದ ಮೇಲೆ ತಾನಾಗಿ ಲಾಕ್ ಆಗುತ್ತದೆ, ವೇಗ ಏರಿದ ಮೇಲೆ ಹೊಸದಾಗಿ ಲಾಕ್ ಆಗುವುದಿಲ್ಲ. ಲಾಂಚ್‌ನಲ್ಲಿ ಮೊದಲು ಜಾರಿ, ಆಮೇಲೆ ‘ಧಡ್’ ಎಂದು ಹಿಡಿಯುತ್ತದೆ. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಹಾಗೆ ಹಿಡಿಸಿ ಹಿಡಿಸಿ ಅದನ್ನು ಒಡೆಯುವ ಬದಲು, ಕ್ಲಚ್ ಮೆಲ್ಲಗೆ ಬಿಟ್ಟು ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಹೈನಲ್ಲಿ ಹೊರಡಿ.